ಔಷಧಿ ಹೊಡೆಯುವ ಮೊದಲು ಹುಳ ಯಾವುದೆಂದು ನೋಡಿ

ಮಳೆಗಾಲದಲ್ಲಿ ಕರಾವಳಿ ಮತ್ತು ಮಲೆನಾಡಿನ ಓದುಗರಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಯಾವ ಔಷಧಿ ಹೊಡೆಯಬೇಕು?’ ಎಂದೇ ಕೇಳುತ್ತವೆ. ಹುಳದ ಗುರುತು ಸಿಗದೆ ಔಷಧಿಯ ಹೆಸರು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಮಕ್ಕಳು ಮಲಗುವ ಕೋಣೆಗೆ, ಅಡುಗೆಮನೆಗೆ ಸುಮ್ಮನೆ ವಿಷ ಹೋಗಬಾರದು. ಈ ಸಲದ ನಾಲ್ಕು ಪ್ರಶ್ನೆಗಳಲ್ಲಿ ಮೂರಕ್ಕೆ ಕೀಟನಾಶಕವೇ ಬೇಕಿಲ್ಲ.

ಹೊಸ ಮಂಚದ ಕೆಳಗೆ ದಿನವೂ ಹುಡಿ ಬೀಳುತ್ತಿದೆ. ಮರದಲ್ಲಿ ಸಣ್ಣ ತೂತುಗಳಿವೆ. ಸೀಮೆಎಣ್ಣೆ ಬಿಟ್ಟರೂ ನಿಂತಿಲ್ಲ. ಇದು ಗೆದ್ದಲೇ? (ಮಂಗಳೂರು)

ಹುಡಿಯನ್ನೇ ವಿಚಾರಿಸಿ. ಮಂಚದ ಕೆಳಗೆ ಗುಡಿಸಿ ಒಂದು ಕಪ್ಪು ಕಾಗದ ಹಾಸಿ, ಮರುದಿನ ಅದರ ಮೇಲೆ ಬಿದ್ದದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಮೈದಾ ಹಿಟ್ಟಿನಂತೆ ನುಣುಪಾಗಿದ್ದರೆ ಅದು ಕುಟ್ಟೆ ಹುಳದ ಕೆಲಸ. ಗಸಗಸೆಯಂತೆ ಕಾಳುಕಾಳಾಗಿ ಉರುಳಿದರೆ ಒಣಮರದ ಗೆದ್ದಲು; ಆ ಕಾಳುಗಳು ಅದರ ಹಿಕ್ಕೆ, ಭೂತಗನ್ನಡಿ ಹಿಡಿದರೆ ಪ್ರತಿ ಕಾಳಿಗೂ ಆರು ಮುಖಗಳು ಕಾಣುತ್ತವೆ. ಇನ್ನು ನಮಗೆ ಹೆಚ್ಚು ಪರಿಚಯವಿರುವ ಮಣ್ಣಿನ ಗೆದ್ದಲು, ಅಂದರೆ ಒರಲೆ, ಹುಡಿ ಉದುರಿಸುವುದೇ ಇಲ್ಲ. ಅದು ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಸುರಂಗ ಕಟ್ಟಿಕೊಂಡು ನೆಲದಿಂದ ಮೇಲೆ ಬರುತ್ತದೆ. ಸುರಂಗವನ್ನು ಒಂದೆಡೆ ಒಡೆದು ಬಿಡಿ. ಕೆಲವೇ ದಿನಗಳಲ್ಲಿ ದುರಸ್ತಿಯಾದರೆ ಒಳಗೆ ಜೀವವಿದೆ ಎಂದರ್ಥ. ಒರಲೆಯ ಗೂಡು ಮಣ್ಣಿನಲ್ಲಿರುವುದರಿಂದ ಮರಕ್ಕೆ ಎಷ್ಟು ಔಷಧಿ ಬಳಿದರೂ ಸಾಲದು, ಅಡಿಪಾಯದ ಸುತ್ತಲಿನ ಮಣ್ಣಿಗೆ ಪರಿಣತರಿಂದಲೇ ಉಪಚಾರ ಮಾಡಿಸಬೇಕು.

ನಿಮ್ಮ ವಿವರ ನೋಡಿದರೆ ಕುಟ್ಟೆಯೇ ಇರಬೇಕು. ಮಂಚ ರಬ್ಬರ್ ಮರದ್ದೋ ಎಂದು ವಿಚಾರಿಸಿಕೊಳ್ಳಿ. ಈ ಹುಳಕ್ಕೆ ಬೇಕಾದದ್ದು ಮರದ ಹೊರಪದರದಲ್ಲಿರುವ ಪಿಷ್ಟ. ರಬ್ಬರ್ ಮರ, ಬಿದಿರು, ಮಾವಿನ ಹಲಗೆಗಳಲ್ಲಿ ಅದು ಧಾರಾಳವಾಗಿದೆ. ಸಾಗುವಾನಿಯ ತಿರುಳಿನಲ್ಲಿ ಅದಕ್ಕೆ ಊಟವಿಲ್ಲ. ಬಿದಿರನ್ನು ಕಡಿದ ಮೇಲೆ ವಾರಗಟ್ಟಲೆ ತೋಡಿನಲ್ಲೋ ಕೆರೆಯಲ್ಲೋ ಮುಳುಗಿಸಿಡುವ ಮಲೆನಾಡಿನ ಪದ್ಧತಿಗೆ ಇದೇ ಆಧಾರ: ನೀರಿನಲ್ಲಿ ನೆನೆದಾಗ ಬಿದಿರಿನ ಪಿಷ್ಟ ಕಡಿಮೆಯಾಗುತ್ತದೆ. ರಬ್ಬರ್ ಮರಕ್ಕೆ ಬೋರಾನ್ ಲವಣದ ಉಪಚಾರ ಮಾಡಿಯೇ ಪೀಠೋಪಕರಣ ಮಾಡಬೇಕು. ಅದನ್ನು ಬಿಟ್ಟು ಮಾರುವವರಿದ್ದಾರೆ. ಕೊಳ್ಳುವಾಗಲೇ ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಸೀಮೆಎಣ್ಣೆ ಏಕೆ ಫಲಿಸಲಿಲ್ಲವೆಂದರೆ, ನೀವು ಕಾಣುವ ತೂತು ಹುಳ ಹೊಕ್ಕ ಬಾಗಿಲಲ್ಲ, ಬೆಳೆದ ದುಂಬಿ ಹೊರಬಿದ್ದ ಬಾಗಿಲು. ಮರ ತಿನ್ನುವ ಮರಿಹುಳಗಳು ಬೇರೆಡೆ, ಇನ್ನೂ ತೂತೇ ಬೀಳದ ಜಾಗದಲ್ಲಿವೆ. ಹೆಣ್ಣು ದುಂಬಿ ಮೊಟ್ಟೆಯಿಡುವುದು ಪಾಲಿಶ್ ಇಲ್ಲದ ಮರದ ರಂಧ್ರಗಳಲ್ಲಿ. ನಮ್ಮ ಮಂಚಗಳ ಮೇಲ್ಭಾಗ ಹೊಳೆಯುತ್ತದೆ, ತಳಭಾಗ ಮಾತ್ರ ಬೋಳು! ಹೆಚ್ಚು ಹಾಳಾದ ಪಟ್ಟಿಗಳನ್ನು ತೆಗೆಸಿ ಬದಲಿಸಿ. ಉಳಿದವನ್ನು ಬಿಸಿಲಿನ ದಿನಗಳಲ್ಲಿ ಚೆನ್ನಾಗಿ ಒಣಗಿಸಿ, ಬೋರಾನ್ ದ್ರಾವಣ ಹೀರಿಸಿ, ಆಮೇಲೆ ತಳ, ಸಂದು, ಕೊರೆದ ಅಂಚು ಯಾವುದನ್ನೂ ಬಿಡದೆ ಪಾಲಿಶ್ ಮಾಡಿಸಿ. ಒಳಗೆ ಉಳಿದ ಕೆಲವು ದುಂಬಿಗಳು ಮುಂದೆಯೂ ಹೊರಬರಬಹುದು, ಅದಕ್ಕೆ ಗಾಬರಿ ಬೇಡ. ಮೊಟ್ಟೆಯಿಡಲು ಜಾಗ ಸಿಗದಿದ್ದರೆ ಸಂತತಿ ಅಲ್ಲಿಗೆ ನಿಲ್ಲುತ್ತದೆ.

ಪುಸ್ತಕದ ಕಪಾಟಿನಲ್ಲಿ ಧೂಳಿನ ಕಣದಷ್ಟಿರುವ ಬಿಳಿಚು ಹುಳಗಳು ಓಡಾಡುತ್ತಿವೆ. ತಿಗಣೆ ಮರಿಗಳೆಂದು ಹೆದರಿ ಹಾಸಿಗೆ ಎಸೆದೆವು. (ಉಡುಪಿ)

ಹಾಸಿಗೆ ಹೋದದ್ದು ಬೇಸರದ ಸಂಗತಿ. ಇವು ಪುಸ್ತಕ ಹೇನುಗಳು. ಹೇನೆಂದು ಹೆಸರಿದ್ದರೂ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಒಂದೆರಡು ಮಿಲಿಮೀಟರಿನ ಈ ಜೀವಿಗಳಿಗೆ ಕಣ್ಣಿಗೆ ಕಾಣದ ಬೂಷ್ಟೇ ಆಹಾರ. ತಿಗಣೆ ಇದ್ದಿದ್ದರೆ ಹಾಸಿಗೆಯ ಹೊಲಿಗೆಯ ಉದ್ದಕ್ಕೂ ಶಾಯಿ ಚೆಲ್ಲಿದಂಥ ಕಪ್ಪು ಚುಕ್ಕೆಗಳು ಕಾಣಬೇಕಿತ್ತು. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಪುಸ್ತಕಗಳನ್ನು ಒತ್ತೊತ್ತಾಗಿ ತುರುಕದೆ ಫ್ಯಾನಿನ ಗಾಳಿ ಆಡುವಂತೆ ಮಾಡಿ. ತೇವ ಹೋದರೆ ಇವು ಒಣಗಿ ಸಾಯುತ್ತವೆ. ತೇವ ಉಳಿದರೆ ಎಷ್ಟು ಸಲ ಔಷಧಿ ಸಿಂಪಡಿಸಿದರೂ ಮರಳಿ ಬರುತ್ತವೆ.

ಮೊದಲ ಮಳೆ ಬಿದ್ದ ರಾತ್ರಿ ಮಾಡಿನ ಸಂದಿನಲ್ಲೆಲ್ಲ ಸಾವಿರಾರು ಕಪ್ಪು ಹುಳಗಳು. ಮುಟ್ಟಿದರೆ ಕೆಟ್ಟ ವಾಸನೆ. ಪಕ್ಕದಲ್ಲಿ ರಬ್ಬರ್ ತೋಟವಿದೆ. (ಸುಳ್ಯ)

ರಬ್ಬರ್ ತೋಟದ ಮಾತು ಬಂದೊಡನೆ ಉತ್ತರ ಅರ್ಧ ಸಿಕ್ಕಿತು. ಇದು ಕೇರಳದಲ್ಲಿ ಮುಪ್ಲಿ ಎಂದು ಕರೆಯುವ ದುಂಬಿ. ರಬ್ಬರಿನ ಒಣ ತರಗೆಲೆಯೇ ಅದರ ಆಹಾರ. ಬೇಸಗೆಯ ಮಳೆ ತರಗೆಲೆಯನ್ನು ನೆನೆಸಿದಾಗ ದೀಪದ ಬೆಳಕಿಗೆ ಹಿಂಡುಹಿಂಡಾಗಿ ಹಾರಿ ಬಂದು, ಮನೆಯ ಒಣ ಸಂದುಗಳಲ್ಲಿ ತಿಂಗಳುಗಟ್ಟಲೆ ಸುಪ್ತವಾಗಿರುತ್ತದೆ. ನಿಮ್ಮ ಅಕ್ಕಿಯನ್ನಾಗಲಿ ಮರವನ್ನಾಗಲಿ ತಿನ್ನುವುದಿಲ್ಲ, ಕಚ್ಚುವುದೂ ಇಲ್ಲ. ಆದರೆ ಕೆಣಕಿದರೆ ಅದು ಸ್ರವಿಸುವ ರಸದಿಂದ ಚರ್ಮ ಸುಟ್ಟಂತಾಗುತ್ತದೆ, ಬರಿಗೈಯಲ್ಲಿ ಹೊಸಕಬೇಡಿ. ಮಳೆ ಬಂದ ಸಂಜೆ ಮನೆಯ ದೀಪಗಳನ್ನು ಕೆಲ ಹೊತ್ತು ಆರಿಸಿ, ದೂರದಲ್ಲಿ ಒಂದು ದೀಪ ಉರಿಸಿ ಅದರ ಕೆಳಗೆ ಸಾಬೂನು ನೀರಿನ ಅಗಲ ಪಾತ್ರೆ ಇಡಿ. ಮಾಡಿಗೆ ಸೀಮೆಎಣ್ಣೆ ಎರಚುವುದು ಬೆಂಕಿಗೆ ಆಹ್ವಾನ, ಖಂಡಿತ ಬೇಡ.

ಹಾಸ್ಟೆಲಿನಲ್ಲಿರುವ ಮಗಳ ಕತ್ತಿನಲ್ಲಿ ಬರೆ ಎಳೆದಂತೆ ಕೆಂಪಾಗಿ ಗುಳ್ಳೆ ಎದ್ದಿದೆ. ಸರ್ಪಸುತ್ತು ಎನ್ನುತ್ತಾರೆ. ಕೋಣೆಯ ಇನ್ನಿಬ್ಬರಿಗೂ ಆಗಿದೆ. (ತೀರ್ಥಹಳ್ಳಿ)

ಒಂದೇ ಕೋಣೆಯಲ್ಲಿ ಮೂವರಿಗೆ ಒಟ್ಟಿಗೆ ಸರ್ಪಸುತ್ತು ಆಗುವುದು ತೀರಾ ಅಪರೂಪ. ದೀಪದ ಬಳಿ ಸುಮಾರು ಒಂದು ಸೆಂಟಿಮೀಟರ್ ಉದ್ದದ, ಕಿತ್ತಳೆ ಮತ್ತು ಕಪ್ಪು ಪಟ್ಟೆಯ, ಇರುವೆಯಂತೆ ತೆಳ್ಳಗಿನ ಹುಳ ಕಾಣುತ್ತದೆಯೇ ಎಂದು ಮಗಳನ್ನು ಕೇಳಿ. ಅದು ಪೆಡೆರಸ್ ದುಂಬಿ. ಗದ್ದೆಯಲ್ಲಿ ಬತ್ತದ ಜಿಗಿಹುಳಗಳನ್ನು ತಿಂದು ರೈತನಿಗೆ ನೆರವಾಗುವ ಜೀವಿ ಅದು. ಕಡಿಯುವುದಿಲ್ಲ, ಕುಟುಕುವುದಿಲ್ಲ. ಮೈಮೇಲೆ ಹರಿದಾಡುವಾಗ ನಿದ್ದೆಗಣ್ಣಿನಲ್ಲಿ ಉಜ್ಜಿಬಿಟ್ಟರೆ ಅದರ ದೇಹದಲ್ಲಿರುವ ಪೆಡೆರಿನ್ ಎಂಬ ವಿಷ ಚರ್ಮಕ್ಕೆ ತಗಲುತ್ತದೆ. ಉರಿ ಒಂದೆರಡು ದಿನದ ನಂತರ ಏಳುವುದರಿಂದ ಹುಳದ ನೆನಪೇ ಯಾರಿಗೂ ಇರುವುದಿಲ್ಲ. ಸರ್ಪಸುತ್ತಿನಲ್ಲಿ ಸಾಮಾನ್ಯವಾಗಿ ಗುಳ್ಳೆಗೆ ಮೊದಲೇ ನೋವು ಬರುತ್ತದೆ.

ಆದರೂ ಚರ್ಮವೈದ್ಯರಿಗೆ ತೋರಿಸಿ. ಕಣ್ಣಿನ ಹತ್ತಿರ ಆಗಿದ್ದರೆ ಅಂದೇ ತೋರಿಸಬೇಕು. ಹುಳ ಮೈಮೇಲೆ ಕೂತರೆ ಊದಿ ಹಾರಿಸಿ ಅಥವಾ ಕಾಗದದ ಮೇಲೆ ಹತ್ತಿಸಿ ತೆಗೆಯಿರಿ. ಅಕಸ್ಮಾತ್ ಉಜ್ಜಿದ್ದರೆ ತಕ್ಷಣ ಸಾಬೂನು ನೀರಿನಿಂದ ತೊಳೆದು, ಆ ಟವೆಲ್ಲನ್ನೂ ದಿಂಬಿನ ಹೊದಿಕೆಯನ್ನೂ ಒಗೆಯಿರಿ. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸುವಂತೆ ಹಾಸ್ಟೆಲಿನವರನ್ನು ಕೇಳಿ. ಅದಾಗುವವರೆಗೆ ಮಂಚವನ್ನು ದೀಪದ ನೇರ ಕೆಳಗಿನಿಂದ ಸರಿಸಿ, ಸೊಳ್ಳೆ ಪರದೆ ಕಟ್ಟಿ ಮಲಗಲು ಹೇಳಿ.