ಡೊಮೇನ್ ಯಾರ ಹೆಸರಲ್ಲಿದೆ ಅಂತ ಇವತ್ತೇ ನೋಡಿ

ಡೊಮೇನ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಬೇರೆ, ವ್ಯಾಪಾರ ಬೇರೆ, ಸಂಕಟ ಮಾತ್ರ ಅದೇ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಡೊಮೇನ್ ಅಂದರೆ ವೆಬ್‌ಸೈಟಿನ ವಿಳಾಸದ ಹೆಸರು, ಅಷ್ಟು ಗೊತ್ತಿದ್ದರೆ ಸಾಕು; ಹೋಸ್ಟಿಂಗ್ ಅಂದರೇನು ಅಂತೆಲ್ಲ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗನೇ ಡಾಟ್ ಕಾಮ್ ಡೊಮೇನ್ ಕೂಡ ತೆಗೆದುಕೊಟ್ಟಿದ್ದ. ಪ್ರತಿ ವರ್ಷ ಅವನಿಗೇ ದುಡ್ಡು ಹಾಕುತ್ತಿದ್ದೆವು. ಈಗ ಫೋನ್ ಎತ್ತುತ್ತಿಲ್ಲ. ದುಡ್ಡು ನಮ್ಮದು, ಹೆಸರೂ ನಮ್ಮದು. ಡೊಮೇನ್ ನಮ್ಮದೇ ಅಲ್ವಾ?

ಹಾಗೇನಿಲ್ಲ. ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ದಾಖಲೆಯಲ್ಲಿ 'ರಿಜಿಸ್ಟ್ರೆಂಟ್', ಅಂದರೆ ಮಾಲೀಕ, ಅನ್ನುವ ಜಾಗದಲ್ಲಿ ಯಾರ ಹೆಸರಿದೆಯೋ ಅವರದ್ದು. ದುಡ್ಡು ಯಾರ ಜೇಬಿನಿಂದ ಹೋಯಿತು ಅಂತ ಅಲ್ಲಿ ಯಾರೂ ಕೇಳುವುದಿಲ್ಲ. ಮೂವತ್ತು ನಲವತ್ತರ ಸೈಟು ತಗೊಳ್ಳುವಾಗ ಇಸಿ ತೆಗೆಸುತ್ತೀರಿ, ಖಾತೆ ನೋಡುತ್ತೀರಿ, ವಕೀಲರಿಗೆ ತೋರಿಸುತ್ತೀರಿ. ವರ್ಷಪೂರ್ತಿ ಬುಕಿಂಗ್ ತರುವ ಹೆಸರನ್ನು ಮಾತ್ರ 'ನೀನೇ ನೋಡ್ಕೊಳಪ್ಪ' ಅಂತ ಬಿಟ್ಟುಬಿಡುತ್ತೀರಿ. ಇದು ನನಗೆ ನಿಜಕ್ಕೂ ಬೇಜಾರು ತರುತ್ತದೆ.

ಮೊದಲು, ಡೊಮೇನ್ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಲುಕಪ್ (ಹುಡುಕುವ) ಪುಟದಲ್ಲಿ ನಿಮ್ಮ ಡೊಮೇನ್ ಹಾಕಿ ನೋಡಿ. ಮಾಲೀಕರ ಹೆಸರು ಬಹುಶಃ ಕಾಣುವುದಿಲ್ಲ, 2018ರಿಂದೀಚೆಗೆ ಅದನ್ನು ಹೆಚ್ಚಾಗಿ ಮುಚ್ಚಿಡುತ್ತಾರೆ. ಆದರೆ ರಿಜಿಸ್ಟ್ರಾರ್ ಯಾರು, ಅವಧಿ ಯಾವತ್ತು ಮುಗಿಯುತ್ತದೆ ಅನ್ನುವುದು ಸಿಗುತ್ತದೆ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಅದಕ್ಕೆ ಎಷ್ಟು ತಿಂಗಳಿದೆ ಅನ್ನುವುದರ ಮೇಲೆ ನಿಮ್ಮ ಆತುರ ನಿಂತಿದೆ.

ಆಮೇಲೆ ಆ ಹುಡುಗನನ್ನು ಹುಡುಕಿ. ಜಗಳಕ್ಕೆ ಹೋಗಬೇಡಿ. ನಾನು ನೋಡಿದ ಮಟ್ಟಿಗೆ ಇಂಥವರಲ್ಲಿ ಮೋಸಗಾರರು ಕಡಿಮೆ. ಕೆಲಸ ಸಿಕ್ಕಿ ಬೆಂಗಳೂರಿಗೋ ಪುಣೆಗೋ ಹೋಗಿರುತ್ತಾನೆ, ನಂಬರ್ ಬದಲಾಗಿರುತ್ತದೆ, ಹಳೆಯ ಗಿರಾಕಿಗಳ ಗೊಡವೆ ಬೇಡವಾಗಿರುತ್ತದೆ. ಅವರ ಮನೆಯವರ ಮೂಲಕ ಹೇಳಿ ಕಳಿಸಿ. ಸಿಕ್ಕಿದರೆ ಪಾಸ್‌ವರ್ಡ್ ಕೇಳಬೇಡಿ, ಅವನ ಖಾತೆಯಲ್ಲಿ ಇನ್ನೂ ಹತ್ತು ಜನರ ಡೊಮೇನ್ ಇರಬಹುದು, ಅವನು ಕೊಡುವುದೂ ಇಲ್ಲ, ಕೊಡಲೂಬಾರದು. ಅದೇ ರಿಜಿಸ್ಟ್ರಾರ್ ಹತ್ತಿರ ನಿಮ್ಮದೇ ಒಂದು ಖಾತೆ ತೆರೆಯಿರಿ, ಡೊಮೇನನ್ನು ಅದಕ್ಕೆ ತಳ್ಳಲು ಹೇಳಿ. ಅವನು ಕೂತು ಮಾಡಿದರೆ ಕೆಲವು ನಿಮಿಷದ ಕೆಲಸ. ಬಂದ ಕೂಡಲೇ ರಿಜಿಸ್ಟ್ರೆಂಟ್ ಹೆಸರು, ಇಮೇಲ್, ಫೋನ್ ಮೂರೂ ನಿಮ್ಮದು ಮಾಡಿಕೊಳ್ಳಿ. ಆಗ ಒಂದು ವೆರಿಫಿಕೇಶನ್ ಮೇಲ್ ಬರುತ್ತದೆ, 15 ದಿನದೊಳಗೆ ಅದರಲ್ಲಿರುವ ಕೊಂಡಿ ಒತ್ತದಿದ್ದರೆ ಡೊಮೇನನ್ನೇ ನಿಲ್ಲಿಸಿಬಿಡಬಹುದು. ಸ್ಪ್ಯಾಮ್ ಫೋಲ್ಡರ್ ಕೂಡ ನೋಡಿ.

ಬೇರೆ ರಿಜಿಸ್ಟ್ರಾರ್‌ಗೆ ಹೋಗುವುದಾದರೆ ವರ್ಗಾವಣೆ ತಡೆಯುವ ಲಾಕ್ ತೆಗೆಸಬೇಕು, ಆಥ್ ಕೋಡ್ ಅನ್ನುವ ಅನುಮತಿ ಸಂಕೇತ ಪಡೆಯಬೇಕು. ಹೊಸದಾಗಿ ರಿಜಿಸ್ಟರ್ ಆದ ಅಥವಾ ಈಗಷ್ಟೇ ಟ್ರಾನ್ಸ್‌ಫರ್ ಆದ ಡೊಮೇನ್ ಸಾಮಾನ್ಯವಾಗಿ 60 ದಿನ ಅಲುಗುವುದಿಲ್ಲ. ಜನ ಎಡವುವುದು ಮಾತ್ರ ಬೇರೆ ಕಡೆ. ಹಳೆಯ ರಿಜಿಸ್ಟ್ರಾರ್‌ನ ನೇಮ್‌ಸರ್ವರ್ (ಡೊಮೇನ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಕಂಪ್ಯೂಟರ್) ಬಳಸುತ್ತಿದ್ದರೆ ಅಲ್ಲಿನ ಡಿಎನ್‌ಎಸ್ ದಾಖಲೆಗಳನ್ನು, ಮುಖ್ಯವಾಗಿ ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ಸಾಲುಗಳನ್ನು, ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಡೊಮೇನ್ ಬರುತ್ತದೆ, ಮೇಲ್ ನಿಂತುಹೋಗುತ್ತದೆ.

ಹುಡುಗ ಸಿಗಲೇ ಇಲ್ಲ ಅನ್ನಿ. ರಿಜಿಸ್ಟ್ರೆಂಟ್ ಹೆಸರು ನಿಮ್ಮದಿದ್ದು ಇಮೇಲ್ ಮಾತ್ರ ಅವನದ್ದಾಗಿದ್ದರೆ ದಾರಿ ಇದೆ: ಪ್ಯಾನ್, ಜಿಎಸ್‌ಟಿ ಪ್ರಮಾಣಪತ್ರ, ಅವನಿಗೆ ದುಡ್ಡು ಹಾಕಿದ ರಸೀದಿಗಳನ್ನು ಜೋಡಿಸಿ ರಿಜಿಸ್ಟ್ರಾರ್‌ಗೆ ಬರೆಯಿರಿ. ಹೆಸರೂ ಅವನದ್ದೇ ಆಗಿದ್ದರೆ ಕಷ್ಟ. ಡಾಟ್ ಕಾಮ್‌ಗೆ ಯುಡಿಆರ್‌ಪಿ, ಡಾಟ್ ಇನ್‌ಗೆ ಅದನ್ನು ನಡೆಸುವ ನಿಕ್ಸಿ ಸಂಸ್ಥೆಯ ಐಎನ್‌ಡಿಆರ್‌ಪಿ ಅನ್ನುವ ವ್ಯಾಜ್ಯದ ದಾರಿಗಳಿವೆ. ಆದರೆ ಆ ಹೆಸರಿನ ಮೇಲೆ ನಿಮಗೆ ಹಕ್ಕಿದೆ, ಅವನದ್ದು ದುರುದ್ದೇಶ ಅಂತ ತೋರಿಸಬೇಕು. ಇಂಥ ವ್ಯಾಜ್ಯ ನಡೆಸುವ ವೈಪೊ ಸಂಸ್ಥೆಯಲ್ಲಿ ಒಬ್ಬರೇ ತೀರ್ಪುಗಾರರಿರುವ ಯುಡಿಆರ್‌ಪಿ ಪ್ರಕರಣಕ್ಕೆ ಶುಲ್ಕವೇ 1500 ಡಾಲರ್. ನಾಲ್ಕು ಕೋಣೆಯ ಹೋಂಸ್ಟೇಗೆ ನಾನಂತೂ ಇದನ್ನು ಹೇಳುವುದಿಲ್ಲ. ಅವನು ನ್ಯಾಯವಾದ ಹಣ ಕೇಳಿದರೆ ಕೊಟ್ಟು, ಬರವಣಿಗೆಯಲ್ಲಿ ತೆಗೆದುಕೊಂಡು ಮುಗಿಸಿ.

'ಅವನು ರಿನ್ಯೂ ಮಾಡದೆ ಬಿಡಲಿ, ಬಿದ್ದ ಕೂಡಲೇ ನಾವು ಎತ್ತಿಕೊಳ್ಳುತ್ತೇವೆ' ಅಂತ ಕಾಯುವವರಿದ್ದಾರೆ. ದಯವಿಟ್ಟು ಬೇಡ. ಡಾಟ್ ಕಾಮ್ ಅವಧಿ ಮುಗಿದ ದಿನವೇ ಬಿಡುಗಡೆ ಆಗುವುದಿಲ್ಲ. ರಿಜಿಸ್ಟ್ರಾರ್ ಅದನ್ನು 45 ದಿನದವರೆಗೆ ಇಟ್ಟುಕೊಳ್ಳಬಹುದು, ಆಮೇಲೆ 30 ದಿನ ರಿಡೆಂಪ್ಶನ್ (ಹಳೆಯ ಮಾಲೀಕ ಬಿಡಿಸಿಕೊಳ್ಳಬಹುದಾದ ಅವಧಿ), ಆಮೇಲೆ ಅಳಿಸುವ ಮುಂಚೆ 5 ದಿನ. ಎಷ್ಟೋ ಹೆಸರು ಅಷ್ಟರೊಳಗೆ ಹರಾಜಾಗಿರುತ್ತದೆ. ಬೀಳುವ ಹೆಸರು ಹಿಡಿಯಲೆಂದೇ ಕಂಪ್ಯೂಟರ್ ಇಟ್ಟುಕೊಂಡು ಕೂತವರ ಮುಂದೆ ನಿಮ್ಮ ಬೆರಳು ಓಡುವುದಿಲ್ಲ.

ಇನ್ನೊಂದು ಮಾತು, ಇದು ಡೊಮೇನ್ ಕೈಗೆ ಬಂದಮೇಲೆ. ರಿಜಿಸ್ಟ್ರಾರ್ ಖಾತೆಗೆ ಅದೇ ಡೊಮೇನಿನ ಇಮೇಲ್ ವಿಳಾಸ ಕೊಡಬೇಡಿ. ನನ್ನ ಹತ್ತಿರ ಬಂದ ಒಬ್ಬ ಅಡಿಕೆ ವ್ಯಾಪಾರಿ ಹಾಗೇ ಮಾಡಿದ್ದರು. ಮೊದಲು ಬಂದ ರಿನ್ಯೂ ಮೇಲ್‌ಗಳನ್ನು ಯಾರೂ ನೋಡಲಿಲ್ಲ. ಅವಧಿ ಮುಗಿಯಿತು, ಮೇಲ್ ನಿಂತಿತು, ಪಾಸ್‌ವರ್ಡ್ ಬದಲಿಸುವ ಕೊಂಡಿಯೂ ಆ ನಿಂತ ಮೇಲ್‌ಗೇ ಹೋಗುತ್ತಿತ್ತು. ಹನ್ನೊಂದು ದಿನ ಅವರಿಗೆ ನಿದ್ದೆ ಇಲ್ಲ. ದೊಡ್ಡವರೂ ಮರೆಯುತ್ತಾರೆ. 1999ರ ಕ್ರಿಸ್‌ಮಸ್ ಹೊತ್ತಿಗೆ ಮೈಕ್ರೋಸಾಫ್ಟ್ ಲಾಗಿನ್ ನೋಡಿಕೊಳ್ಳುವ ತನ್ನ ಪಾಸ್‌ಪೋರ್ಟ್ ಡಾಟ್ ಕಾಮ್‌ಗೆ 35 ಡಾಲರ್ ಕಟ್ಟುವುದನ್ನೇ ಮರೆತು, ಹಾಟ್‌ಮೇಲ್‌ಗೆ ಲಾಗಿನ್ ಆಗಲಾರದೆ ಜನ ಒದ್ದಾಡಿದರು. ಕೊನೆಗೆ ಆ ಹಣ ಕಟ್ಟಿದ್ದು ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್. ಆಟೋ ರಿನ್ಯೂ ಹಾಕಿ, ಕಾರ್ಡ್ ಬದಲಾದಾಗ ಅಲ್ಲೂ ಬದಲಿಸಿ.

ಪ್ರಶ್ನೆ: 'ಲೈಫ್‌ಟೈಮ್ ಡೊಮೇನ್' ಕೊಡುತ್ತೇವೆ ಅನ್ನುತ್ತಿದ್ದಾರೆ. ತಗೊಳ್ಳಬಹುದಾ?

ಅಂಥದ್ದೊಂದು ಇಲ್ಲ. ಡಾಟ್ ಕಾಮ್ ಆಗಲಿ ಡಾಟ್ ಇನ್ ಆಗಲಿ, ಒಮ್ಮೆಗೆ ಹೆಚ್ಚೆಂದರೆ 10 ವರ್ಷ. ಹಾಗೆ ಹೇಳಿದವರಿಂದ ಬೇರೇನನ್ನೂ ತಗೊಳ್ಳಬೇಡಿ.

ಪ್ರಶ್ನೆ: ಮೊದಲ ವರ್ಷ 99 ರೂಪಾಯಿ, ಒಳ್ಳೆಯ ಆಫರ್ ಅಲ್ವಾ?

ಎರಡನೇ ವರ್ಷದ ಬೆಲೆ ನೋಡಿ, ಆಮೇಲೆ ಹೇಳಿ.

ಪ್ರಶ್ನೆ: ಚೀನಾದ ಕಂಪನಿಯೊಂದು ನಮ್ಮ ಹೆಸರನ್ನೇ ರಿಜಿಸ್ಟರ್ ಮಾಡಿಸಲು ಹೊರಟಿದೆಯಂತೆ, ತಕ್ಷಣ ಉತ್ತರಿಸಿ ಅಂತ ಮೇಲ್ ಬಂದಿದೆ.

ಹಳೆಯ ಮೋಸ. ಹೆದರಿಸಿ ಬೇಡದ ಡೊಮೇನ್ ಮಾರುತ್ತಾರೆ. ಡಿಲೀಟ್ ಮಾಡಿ.

ಪ್ರಶ್ನೆ: ಕನ್ನಡ ಅಕ್ಷರದಲ್ಲೇ ಡೊಮೇನ್ ಸಿಗುತ್ತದಾ?

ಸಿಗುತ್ತದೆ, 'ಡಾಟ್ ಭಾರತ' ಅನ್ನುವುದು ಕನ್ನಡ ಲಿಪಿಯಲ್ಲೇ ಇದೆ, ನಿಕ್ಸಿ ನಡೆಸುತ್ತದೆ. ನನಗೆ ಅದು ತುಂಬಾ ಇಷ್ಟ. ಆದರೆ ಕೆಲವು ಕಡೆ ಅದು ಎಕ್ಸ್‌ಎನ್ ಅಂತ ಶುರುವಾಗುವ ಅರ್ಥವಾಗದ ಅಕ್ಷರಗಳಾಗಿ ಕಾಣುತ್ತದೆ, ಆ ಹೆಸರಿನ ಇಮೇಲ್ ವಿಳಾಸವನ್ನು ಎಷ್ಟೋ ಫಾರ್ಮ್‌ಗಳು ಒಪ್ಪುವುದಿಲ್ಲ. ಇಂಗ್ಲಿಷ್ ಅಕ್ಷರದ್ದನ್ನೂ ಇಟ್ಟುಕೊಂಡು ಇದನ್ನೂ ತಗೊಳ್ಳಿ. ನಿಮ್ಮ ಹೆಸರಲ್ಲೇ ತಗೊಳ್ಳಿ.