ಅಲೆಯ ಸಮೀಕರಣಕ್ಕೆ ಮೇಲ್ಮೈ ಯಾಕೆ ಬೇಕು?

ಪ್ರಶ್ನೆ: ಸಾಲಿಟಾನ್, ಅಂದರೆ ಆಕಾರ ಕೆಡದೆ ಸಾಗುವ ಒಂಟಿ ಅಲೆಯ ಪಾಠ ನಡೆಯುತ್ತಿದೆ ಸಾರ್. ನಮ್ಮ ಭದ್ರಾ ನಾಲೆಯಲ್ಲಿ ಏಳುವ ಅಲೆಗೆ ಸಮೀಕರಣ ಬರೆಯೋದು ಸರಿ. ಅದನ್ನು ಬಿಡಿಸೋಕೆ ಮೇಲ್ಮೈ, ವಕ್ರತೆ ಅಂತೆಲ್ಲ ಯಾಕೆ ಎಳೆದು ತರುತ್ತಾರೆ? ಎಲ್ಲ ನಾನ್‌ಲೀನಿಯರ್ ಸಮೀಕರಣಕ್ಕೂ ಈ ದಾರಿ ನಡೆಯುತ್ತಾ?
— ಎಂ.ಎಸ್ಸಿ. ವಿದ್ಯಾರ್ಥಿ, ದಾವಣಗೆರೆ

ಉತ್ತರ: ಯಾರೂ ಎಳೆದು ತಂದಿಲ್ಲ ಕಣ್ರೀ, ಇಂಥ ಒಂದು ಸಮೀಕರಣದಲ್ಲಂತೂ ರೇಖಾಗಣಿತವೇ ಮೊದಲು ಬಂದಿದ್ದು. ಸಾಲಿಟಾನ್ ಅಂತ ಹೆಸರಿಟ್ಟವರು ಜಬುಸ್ಕಿ ಮತ್ತು ಕ್ರುಸ್ಕಲ್, 1965ರಲ್ಲಿ. ನಿಮ್ಮ ಪಾಠದಲ್ಲಿ ಸೈನ್-ಗಾರ್ಡನ್ ಸಮೀಕರಣ ಇರಬೇಕಲ್ಲ, ಅದು ಫ್ರಾನ್ಸಿನ ಗಣಿತಜ್ಞ ಬೂರ್ ಅವರ ಕೈಯಲ್ಲಿ 1862ರಲ್ಲೇ ಹುಟ್ಟಿತ್ತು. ಅವರ ಕೆಲಸದಲ್ಲಿ ಅಲೆಯ ಮಾತೇ ಇರಲಿಲ್ಲ. ಎಲ್ಲ ಕಡೆಯೂ ವಕ್ರತೆ ಮೈನಸ್ ಒಂದೇ ಇರುವ, ಅಂದರೆ ಕುದುರೆ ಜೀನಿನ ಹಾಗೆ ಬಾಗಿದ ಮೇಲ್ಮೈ ಮೇಲೆ ಎರಡು ಬಗೆಯ ಅಸಿಂಪ್ಟೋಟಿಕ್ ಗೆರೆಗಳಿರುತ್ತವೆ (ಆ ದಿಕ್ಕಿನಲ್ಲಿ ಮೇಲ್ಮೈ ಮೇಲಕ್ಕೂ ಕೆಳಕ್ಕೂ ಬಾಗೋದಿಲ್ಲ), ಅವುಗಳ ನಡುವಿನ ಕೋನ ಪಾಲಿಸಬೇಕಾದ ಷರತ್ತೇ ಈ ಸಮೀಕರಣ.

ಆಮೇಲೆ ಸ್ವೀಡನ್ನಿನ ಗಣಿತಜ್ಞ ಬ್ಯಾಕ್‌ಲುಂಡ್ ಬಂದರು. ಇಂಥ ಮೇಲ್ಮೈಯ ಪ್ರತಿ ಬಿಂದುವಿನಿಂದಲೂ ಅದಕ್ಕೆ ತಾಗಿದಂತೆ ಒಂದೇ ಉದ್ದದ ಗೆರೆ ಎಳೀರಿ, ದಿಕ್ಕನ್ನು ಸರಿಯಾಗಿ ಆರಿಸಿಕೊಂಡರೆ ಗೆರೆಗಳ ತುದಿಗಳೆಲ್ಲ ಸೇರಿ ಅದೇ ವಕ್ರತೆಯ ಹೊಸ ಮೇಲ್ಮೈ ಆಗುತ್ತದೆ, ಅಂದರೆ ಸಮೀಕರಣಕ್ಕೆ ಹೊಸ ಉತ್ತರ. ಸೊನ್ನೆ ಉತ್ತರದಿಂದ ಶುರು ಮಾಡಿ. ಅಲ್ಲಿ ಮೇಲ್ಮೈಯೇ ಇಲ್ಲ, ಬರೀ ಒಂದು ಸರಳರೇಖೆ! ಒಂದು ಸಲ ಮಾಡಿದರೆ ಒಂದು ಸಾಲಿಟಾನ್ ಸಿಗುತ್ತದೆ, ಇನ್ನೊಂದು ಸಲಕ್ಕೆ ಎರಡು. ಎರಡನೇ ಸಲಕ್ಕೆ ಇಂಟಿಗ್ರೇಷನ್ ಕೂಡ ಬೇಡ, ಬೀಜಗಣಿತ ಸಾಕು ಅಂತ ಇಟಲಿಯ ಗಣಿತಜ್ಞ ಬಿಯಾಂಕಿ ತೋರಿಸಿಕೊಟ್ಟರು. ಮೊದಲ ಹೆಜ್ಜೆಯನ್ನು ಕೈಯಲ್ಲೇ ಮಾಡಿ ನೋಡಿ, ಅರ್ಧ ಪುಟದ ಕೆಲಸ.

ಆಳ ಕಮ್ಮಿ ಇರುವ ನೀರಿನ ಅಲೆಯನ್ನು ಹೇಳುವ ಕೆಡಿವಿ (ಕೋರ್ಟ್‌ವೆಗ್-ಡಿ ವ್ರೀಸ್) ಸಮೀಕರಣದಲ್ಲಿ ಮೇಲ್ಮೈ ಹೀಗೆ ನೇರ ಕಣ್ಣಿಗೆ ಬೀಳೋದಿಲ್ಲ. ಅಲ್ಲಿ ಕೆಲಸ ಮಾಡೋದು ಸೊನ್ನೆ ವಕ್ರತೆ. ಮಂಡಕ್ಕಿ ಕಟ್ಟಿಕೊಡುವ ಕಾಗದದ ಪೊಟ್ಟಣ ತಗೊಳ್ಳಿ. ಕಾಗದವನ್ನು ಹಿಗ್ಗಿಸದೆ ಸುತ್ತಿರೋದರಿಂದ ಗಾಸ್ ಲೆಕ್ಕದಲ್ಲಿ ಅದರ ವಕ್ರತೆ ಸೊನ್ನೆ. ಅದರ ಮೇಲೆ ಒಂದು ಬಾಣವನ್ನು ತಿರುಗಿಸದೆ ಜಾರಿಸಿಕೊಂಡು ಹೋದರೆ, ಚೂಪು ತುದಿಯನ್ನು ಸುತ್ತು ಹಾಕದಿದ್ದರೆ ಸಾಕು, ಯಾವ ದಾರಿಯಲ್ಲಿ ಹೋದರೂ ಕೊನೆಗೆ ದಿಕ್ಕು ಒಂದೇ. ಕೆಡಿವಿಯಲ್ಲಿ ಬಾಣದ ಬದಲು ಎರಡು ಸಂಖ್ಯೆಗಳ ವೆಕ್ಟರ್ ಇದೆ, ಜಾಗ ಸರಿದಾಗ ಒಂದು ಮ್ಯಾಟ್ರಿಕ್ಸ್ ಅದನ್ನು ಬದಲಿಸುತ್ತದೆ, ಕಾಲ ಸರಿದಾಗ ಇನ್ನೊಂದು. ಮೊದಲು ಜಾಗ ಆಮೇಲೆ ಕಾಲ, ಇಲ್ಲವೇ ಮೊದಲು ಕಾಲ ಆಮೇಲೆ ಜಾಗ, ಹೇಗೆ ಹೋದರೂ ಉತ್ತರ ಒಂದೇ ಬರಬೇಕು ಅಂತ ಹಟ ಹಿಡಿದರೆ ಹುಟ್ಟುವ ಷರತ್ತೇ ಕೆಡಿವಿ.

ನಿಜವಾದ ಗುಟ್ಟು ಲ್ಯಾಮ್ಡಾದಲ್ಲಿದೆ. ಅದು ಆ ಮ್ಯಾಟ್ರಿಕ್ಸ್‌ಗಳ ಒಳಗೆ ಕೂತ, ನಾವೇ ಆರಿಸಬಹುದಾದ ಒಂದು ಸಂಖ್ಯೆ. ಅದಕ್ಕೆ ಯಾವ ಬೆಲೆ ಕೊಟ್ಟರೂ ಷರತ್ತು ಅದೇ ಇರಬೇಕು. ಕಾಲ ಉರುಳಿದರೂ ಬದಲಾಗದ ಮೊತ್ತಗಳು ಸಾಲುಸಾಲಾಗಿ ಸಿಗೋದು ಇದರಿಂದಲೇ. ಕೆಲವು ಪುಸ್ತಕಗಳು ಇದನ್ನು ಸುಮ್ನೆ ಒಂದು ಸಾಲಲ್ಲಿ ಮುಗಿಸುತ್ತವೆ, ನನಗಂತೂ ಅದು ಹಿಡಿಸೋದಿಲ್ಲ.

ಎಲ್ಲದಕ್ಕೂ ನಡೆಯುತ್ತಾ ಅಂದರೆ, ಇಲ್ಲ. ಇಂಥ ಸಮೀಕರಣಗಳು ಅಪರೂಪ. 1834ರಲ್ಲಿ ಸ್ಕಾಟ್ ರಸೆಲ್ ಎಡಿನ್‌ಬರೋ ಹತ್ತಿರದ ಕಾಲುವೆಯಲ್ಲಿ ಕುದುರೆ ಏರಿ ಬೆನ್ನಟ್ಟಿದ ಅಲೆ, ಅಂದರೆ ಆಳಕ್ಕೆ ಹೋಲಿಸಿದರೆ ಉದ್ದ ಜಾಸ್ತಿ, ಎತ್ತರ ಕಮ್ಮಿ, ಒಂದೇ ಕಡೆ ಸಾಗುವ ಅಲೆ, ಕೆಡಿವಿಗೆ ಒಗ್ಗುತ್ತದೆ. ನಿಮ್ಮ ನಾಲೆಯ ತೂಬಿನ ಹತ್ತಿರ ಸುಳಿ ಸುತ್ತುವ ನೀರಿಗೆ ದ್ರವದ ಹರಿವಿನ ಸಾಮಾನ್ಯ ಸಮೀಕರಣವಾದ ನೇವಿಯರ್-ಸ್ಟೋಕ್ಸ್ ಬೇಕು, ಅದು ಈ ಗುಂಪಿಗೆ ಸೇರೋದಿಲ್ಲ.