ಓದುಗರ ಪ್ರಶ್ನೆ: ಕ್ಲೀನ್ ಎನರ್ಜಿ ಸೆಮಿನಾರ್‌ಗೆ ಹೋದ್ರೆ ಏನು ಕೇಳ್ಬೇಕು?

ಪ್ರಶ್ನೆ: ಸರ್, ನಾನು ಎಕನಾಮಿಕ್ಸ್ ಎಂ.ಎ. ಓದ್ತಿದೀನಿ. ನಮ್ಮ ಯೂನಿವರ್ಸಿಟೀಲಿ ಡಿಕಾರ್ಬನೈಸೇಶನ್, ಅಂದ್ರೆ ಗಾಳಿಗೆ ಇಂಗಾಲ ಬಿಡೋದನ್ನ ಇಳಿಸೋದರ ಬಗ್ಗೆ ಎರಡು ದಿನದ ಸೆಮಿನಾರ್ ಇದೆ, ಮಾತಾಡೋರೆಲ್ಲ ಇಂಜಿನಿಯರ್‌ಗಳೇ. ನಾನು ಹೋದ್ರೆ ಏನಾದ್ರೂ ತಲೆಗೆ ಹತ್ತುತ್ತಾ?

ಉತ್ತರ: ಹೋಗಿ, ನಿಮ್ಮಂಥೋರೇ ಹೋಗ್ಬೇಕು. ಇಂಗಾಲ ಕಡಿಮೆ ಮಾಡೋಕೆ ಯಂತ್ರ ಕಂಡುಹಿಡಿದ್ರೆ ಸಾಲಲ್ಲ, ಅದರ ಖರ್ಚು ಯಾರ ತಲೆ ಮೇಲೆ ಬೀಳತ್ತೆ ಅನ್ನೋದೂ ತೀರ್ಮಾನ ಆಗ್ಬೇಕಲ್ಲ. ಫಿನ್‌ಲ್ಯಾಂಡ್ 1990ರಲ್ಲೇ ಇಂಗಾಲಕ್ಕೆ ತೆರಿಗೆ ಹಾಕ್ತು, ಮರುವರ್ಷ ಸ್ವೀಡನ್. ಯುರೋಪಿಯನ್ ಯೂನಿಯನ್ 2005ರಲ್ಲಿ ಬೇರೆ ದಾರಿ ಹಿಡೀತು, ಒಟ್ಟಾರೆ ಇಷ್ಟೇ ಬಿಡ್ಬಹುದು ಅಂತ ಮಿತಿ ಹಾಕಿ, ಅಷ್ಟು ಬಿಡೋಕೆ ಕೊಡೋ ಪರ್ಮಿಟ್‌ಗಳನ್ನ ಕಂಪನಿಗಳು ಕೊಂಡು ಮಾರ್ಕೊಳ್ಳೋ ಹಾಗೆ ಮಾಡ್ತು. ತೆರಿಗೆ ಹಾಕಿದ್ರೆ ಬೆಲೆ ಎಷ್ಟು ಅಂತ ಮೊದಲೇ ಗೊತ್ತಿರತ್ತೆ, ಹೊಗೆ ಎಷ್ಟು ಇಳಿಯತ್ತೆ ಗೊತ್ತಿರಲ್ಲ, ಮಿತಿ ಹಾಕಿದ್ರೆ ಅದೇ ಉಲ್ಟಾ. ಇದೆಲ್ಲ ನಿಮ್ಮ ಸಬ್ಜೆಕ್ಟೇ ತಾನೆ? ಹಿಂದಿನ ಸಾಲಲ್ಲಿ ಕೂರ್ಬೇಡಿ.

ಪ್ರಶ್ನೆ: ಸೋಲಾರ್ ಈಗ ಅಷ್ಟೊಂದು ಅಗ್ಗ ಆಗಿದೆ ಅಂತಾರಲ್ಲ, ಹಾಕ್ಕೊಂಡು ಹೋದ್ರಾಯ್ತಪ್ಪ, ಇನ್ನೂ ಪಾಲಿಸಿ, ಚರ್ಚೆ, ಸೆಮಿನಾರ್ ಎಲ್ಲ ಯಾಕೆ?

ಉತ್ತರ: ಅಗ್ಗ ಆಗಿರೋದು ನಿಜ, 2010ರ ದಶಕದಲ್ಲಿ ಪ್ಯಾನೆಲ್ ಬೆಲೆ ಸುಮಾರು 90% ಬಿತ್ತು. 2023ರಲ್ಲಿ ದುಬೈ ಹವಾಮಾನ ಸಮ್ಮೇಳನದಲ್ಲಿ, 2030ರ ಹೊತ್ತಿಗೆ ಜಗತ್ತಿನ ನವೀಕರಿಸಬಹುದಾದ ಇಂಧನದ ಸಾಮರ್ಥ್ಯ ಮೂರು ಪಟ್ಟು ಮಾಡೋಣ ಅಂತ ದೇಶಗಳು ಒಪ್ಪಿದ್ದೂ ಇದೇ ಧೈರ್ಯದ ಮೇಲೆ. ಆದ್ರೆ ಸಾಮರ್ಥ್ಯ ಬೇರೆ, ಕೈಗೆ ಸಿಗೋ ಕರೆಂಟ್ ಬೇರೆ. 100 ಮೆಗಾವ್ಯಾಟ್ ಸೋಲಾರ್ ಪ್ಲಾಂಟ್, ರಾತ್ರಿ ಮೋಡ ಎಲ್ಲ ಸೇರಿಸಿ ವರ್ಷದ ಸರಾಸರಿ ತೆಗೆದ್ರೆ ಹೆಚ್ಚುಕಮ್ಮಿ 20 ಮೆಗಾವ್ಯಾಟ್ ಕೊಡತ್ತೆ. ಮಧ್ಯಾಹ್ನ ಕರೆಂಟ್ ತುಂಬಿ ತುಳುಕತ್ತೆ, ಸೂರ್ಯ ಮುಳುಗೋ ಹೊತ್ತಿಗೆ ಸರಿಯಾಗಿ ಎಲ್ಲರೂ ಲೈಟ್ ಹಾಕ್ತಾರೆ, ಆಗ ಬೇರೆ ಪ್ಲಾಂಟ್‌ಗಳು ಒಂದೆರಡು ಗಂಟೇಲಿ ದಡಬಡ ಮೇಲೇಳ್ಬೇಕು. ಕ್ಯಾಲಿಫೋರ್ನಿಯಾದ ಗ್ರಿಡ್‌ನವರು 2013ರಲ್ಲೇ ಇದರ ಗ್ರಾಫ್ ಹಾಕಿ ತೋರಿಸಿದ್ರು, ಬಾತುಕೋಳಿ ಆಕಾರದಲ್ಲಿತ್ತು ಅಂತ ಆ ಹೆಸರೇ ನಿಂತ್ಬಿಡ್ತು. ಅದಕ್ಕೆ ಬ್ಯಾಟರಿ ಬೇಕು, ನೀರನ್ನ ಮೇಲಿನ ಜಲಾಶಯಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಬಿಡೋ ಪಂಪ್ಡ್ ಸ್ಟೋರೇಜ್ ಬೇಕು, ಹೊಸ ಲೈನ್ ಬೇಕು, ಮಧ್ಯಾಹ್ನಕ್ಕೊಂದು ಸಂಜೆಗೊಂದು ರೇಟ್ ಬೇಕು, ಇದ್ಯಾವ್ದೂ ಪಾಲಿಸಿ ಇಲ್ದೆ ಆಗಲ್ಲ. ಸ್ಲೈಡ್‌ನಲ್ಲಿ ಬರೀ ಮೆಗಾವ್ಯಾಟ್ ಕಂಡ್ರೆ, ವರ್ಷಕ್ಕೆ ಎಷ್ಟು ಯೂನಿಟ್, ಸಂಜೆ 7 ಗಂಟೆಗೆ ಎಷ್ಟು ಅಂತ ಎದ್ದು ನಿಂತು ಕೇಳಿ.

ಪ್ರಶ್ನೆ: ನಮ್ಮ ಸ್ಟೂಡೆಂಟ್ ಕ್ಲಬ್‌ನಿಂದ ಒಂದು ಕಾರ್ಯಕ್ರಮ ಮಾಡ್ಬೇಕು ಅಂತಿದೀವಿ. ಎಲೆಕ್ಟ್ರಿಕ್ ಗಾಡಿ, ಸೋಲಾರ್ ಎಲ್ಲ ಹಳೇದಾಯ್ತು. ಬೇರೆ ಏನಿಡೋಣ?

ಉತ್ತರ: ಸಿಮೆಂಟ್ ಇಡಿ! ಇದು ನನ್ನ ಇಷ್ಟದ ವಿಷಯ, ಯಾಕಂದ್ರೆ ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 7-8% ಇದರದ್ದೇ ಆದ್ರೂ ಇದರ ಬಗ್ಗೆ ಮಾತೇ ಇಲ್ಲ. ಸುಣ್ಣದಕಲ್ಲನ್ನ ಗೂಡಲ್ಲಿ ಸುಮಾರು 1450 ಡಿಗ್ರಿವರೆಗೆ ಕಾಯಿಸ್ತಾರೆ, ಆ ದಾರೀಲಿ ಕಲ್ಲೊಳಗಿರೋ ಡೈಆಕ್ಸೈಡ್ ಬಿಟ್ಕೊಂಡು ಹೊರಗೆ ಬರತ್ತೆ. ಸಿಮೆಂಟ್‌ನ ಒಟ್ಟು ಲೆಕ್ಕದಲ್ಲಿ ಅರ್ಧಕ್ಕಿಂತ ಜಾಸ್ತಿ ಹೀಗೆ ಕಲ್ಲಿಂದಲೇ ಬರೋದು, ಗೂಡು ಕಾಯಿಸೋಕೆ ಸುಡೋ ಕಲ್ಲಿದ್ದಲಿಂದ ಅಲ್ಲ. ಅಂದ್ರೆ ನಾಳೆ ಇಡೀ ಗೂಡನ್ನ ಸೋಲಾರ್ ಕರೆಂಟಲ್ಲೇ ಕಾಯಿಸಿದ್ರೂ ಅದು ನಿಲ್ಲಲ್ಲ. ಗೂಡಿಂದ ಬರೋ ಕ್ಲಿಂಕರ್ (ಪುಡಿ ಮಾಡಿ ಸಿಮೆಂಟ್‌ಗೆ ಹಾಕೋ ಗಟ್ಟಿ ಉಂಡೆಗಳು) ಕಡಿಮೆ ಹಾಕಿ, ಬದಲಿಗೆ ಸುಟ್ಟ ಜೇಡಿಮಣ್ಣು, ಉಕ್ಕಿನ ಕಾರ್ಖಾನೇಲಿ ಉಳಿಯೋ ಸ್ಲ್ಯಾಗ್ ಅನ್ನೋ ಕಿಟ್ಟ, ಹಾರುಬೂದಿ ಬೆರೆಸೋದು ಈಗಲೇ ಆಗೋ ಕೆಲಸ. ಆದ್ರೆ ಟೆಂಡರ್‌ನಲ್ಲಿ ಹಳೇ ಸಿಮೆಂಟೇ ಬೇಕು ಅಂತ ಬರೆದಿದ್ರೆ ಕಂಟ್ರಾಕ್ಟರ್ ಯಾಕೆ ಬದಲಾಯಿಸ್ತಾನೆ ಹೇಳಿ. ದೊಡ್ಡ ಭಾಷಣಕಾರರನ್ನ ಹುಡುಕೋ ಬದಲು ನಿಮ್ಮ ಕ್ಯಾಂಪಸ್‌ನಲ್ಲೇ ಕಟ್ಟಡ ನೋಡ್ಕೊಳ್ಳೋ ಇಂಜಿನಿಯರ್‌ನ ವೇದಿಕೆಗೆ ಕರೀರಿ, ಮುಂದಿನ ಕಟ್ಟಡದ ಟೆಂಡರ್ ಕಾಪಿ ಇದ್ರೆ ಪರದೆ ಮೇಲೆ ಹಾಕಿ, ಸಿಮೆಂಟ್ ಬಗ್ಗೆ ಇರೋ ಸಾಲುಗಳನ್ನ ಎಲ್ಲರೂ ಸೇರಿ ಓದಿ, ಎಲ್ಲಿ ತಿದ್ದಬಹುದು ಅಂತ ಕೆಮಿಸ್ಟ್ರಿಯವರು, ಸಿವಿಲ್‌ನವರು, ಕಾನೂನು ಓದೋರು ಒಟ್ಟಿಗೆ ಕೂತು ಬರೆದು ಅವತ್ತೇ ರಿಜಿಸ್ಟ್ರಾರ್‌ಗೆ ಕೊಡಿ.